ಹೆಸರಿಲ್ಲದ ಡೆಸ್ಡಿಮೋನಾ

1660ರ ಡಿಸೆಂಬರ್ 8. ಲಂಡನ್ನಿನ ವಿಯರ್ ಬೀದಿಯಲ್ಲಿ, ಹಿಂದೆ ಟೆನಿಸ್ ಆಟದ ಅಂಗಳವಾಗಿದ್ದ ಕಟ್ಟಡವೊಂದರಲ್ಲಿ ಷೇಕ್ಸ್‌ಪಿಯರನ 'ಒಥೆಲೊ' ನಾಟಕ. ಆಟಕ್ಕೆಂದು ಬರೆದ ಪದ್ಯರೂಪದ ಪೀಠಿಕೆಯ ತಾತ್ಪರ್ಯ ಇಷ್ಟು: 'ಇವತ್ತು ನೀವು ನೋಡಲಿರುವ ನಾಯಕಿ ಸೀರೆಸಿಂಗಾರ ಮಾಡಿಕೊಂಡ ಗಂಡಸಲ್ಲ, ನಿಜವಾದ ಹೆಣ್ಣು. ರಂಗಕ್ಕೆ ಬಂದಳೆಂಬ ಮಾತ್ರಕ್ಕೆ ಆಕೆಯ ನಡತೆಯನ್ನು ಹಗುರವಾಗಿ ಕಾಣಬೇಡಿ.'

ಆ ಪೀಠಿಕೆಯನ್ನು ಬರೆದವನ ಹೆಸರು ಉಳಿದಿದೆ. ಅವನು ಥಾಮಸ್ ಜೋರ್ಡನ್. ಆಡಿಸಿದ ಕಂಪನಿಯ ಹೆಸರು ಉಳಿದಿದೆ, ಕಟ್ಟಡದ ವಿಳಾಸ ಉಳಿದಿದೆ. ಆದರೆ ಡೆಸ್ಡಿಮೋನಾ ಆಗಿ ರಂಗವೇರಿದ ಆ ಹೆಂಗಸಿನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಮಾರ್ಗರೆಟ್ ಹ್ಯೂಸ್ ಎಂದು ಕೆಲವು ಇತಿಹಾಸಕಾರರು, ಆನ್ ಮಾರ್ಷಲ್ ಎಂದು ಇನ್ನು ಕೆಲವರು ವಾದಿಸುತ್ತಾ ಬಂದಿದ್ದಾರೆ. ಲಂಡನ್ನಿನ ವೃತ್ತಿರಂಗಭೂಮಿಯ ಮೊದಲ ನಟಿಯರಲ್ಲಿ ಒಬ್ಬಳಾದವಳ ಗತಿ ಇದು.

ಈ ಕಾಲಕ್ಕೆ ಇಂಗ್ಲಿಷ್ ಸಾಹಿತ್ಯ ಚರಿತ್ರೆಯಲ್ಲಿ 'ರೆಸ್ಟೋರೇಷನ್' ಎಂದು ಹೆಸರು. ಕಿತ್ತೊಗೆದಿದ್ದ ರಾಜಪ್ರಭುತ್ವವನ್ನು ಮತ್ತೆ ತಂದು ಕೂರಿಸಿದ ಕಾಲವೆಂದು ಅರ್ಥ. ಈ ಯುಗದ ನಾಟಕಗಳೆಂದರೆ ಚುರುಕು ಮಾತು, ಪರಸ್ತ್ರೀ ಮೋಹ, ಬೂಟಾಟಿಕೆಯ ಗಂಡಂದಿರು, ಮೋಸಹೋಗುವ ಮುದುಕರು ಎಂದಷ್ಟೇ ನೆನೆಯುವುದುಂಟು. ಅದು ಸುಳ್ಳಲ್ಲ. ಆದರೆ ಈ ನಲವತ್ತು ವರ್ಷಗಳಲ್ಲಿ ನಿಜಕ್ಕೂ ಬದಲಾದದ್ದು ರಂಗದ ಮೇಲೆ ಯಾರು ನಿಲ್ಲಬಹುದು ಎಂಬ ಪ್ರಶ್ನೆಗೆ ಸಿಗುತ್ತಿದ್ದ ಉತ್ತರ. ಹೆಣ್ಣಿಗೆ ಆ ಜಾಗ ದೊರೆಯ ಕೃಪೆಯಿಂದ ಸಿಕ್ಕಿತು. ಅದನ್ನು ಉಳಿಸಿಕೊಳ್ಳಲು ಆಕೆ ತೆತ್ತ ಬೆಲೆ ಮಾತ್ರ ಆಕೆಯದೇ.

ಹದಿನೆಂಟು ವರ್ಷದ ಬೀಗ

1642ರಲ್ಲಿ ದೊರೆ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಿತು. ಆ ವರ್ಷದ ಸೆಪ್ಟೆಂಬರ್ 2ರಂದು ಪಾರ್ಲಿಮೆಂಟು ನಾಟಕ ಪ್ರದರ್ಶನಗಳನ್ನು ನಿಲ್ಲಿಸುವಂತೆ ಆಜ್ಞೆ ಹೊರಡಿಸಿತು. ನಾಡು ಸಂಕಟದಲ್ಲಿರುವಾಗ ವಿನೋದ ಸಲ್ಲದು ಎಂಬುದು ಕೊಟ್ಟ ಕಾರಣ. ಆದರೆ ಪಾರ್ಲಿಮೆಂಟಿನಲ್ಲಿ ಬಲವಾಗಿದ್ದ ಪ್ಯೂರಿಟನ್ನರೆಂಬ ಮಡಿವಂತ ಕ್ರೈಸ್ತರಿಗೆ ನಾಟಕಶಾಲೆ ಮೊದಲಿನಿಂದಲೂ ಪಾಪದ ಗೂಡಾಗಿಯೇ ಕಂಡಿತ್ತು. 1648ರ ಹೊತ್ತಿಗೆ ಕಾನೂನು ಇನ್ನೂ ಬಿಗಿಯಾಯಿತು. ನಾಟಕಶಾಲೆಗಳನ್ನು ಕೆಡವಬೇಕು, ಸಿಕ್ಕಿಬಿದ್ದ ನಟರಿಗೆ ಛಡಿಯೇಟು ಕೊಡಬೇಕು, ನೋಡಲು ಹೋದವರಿಗೆ ಐದು ಷಿಲಿಂಗ್ ದಂಡ ಹಾಕಬೇಕು ಎಂದಾಯಿತು. ಮರುವರ್ಷದ ಜನವರಿಯಲ್ಲಿ ದೊರೆಯ ತಲೆಯೇ ಉರುಳಿತು.

ಬೀಗ ಹಾಕಿದರೂ ನಾಟಕ ಪೂರ್ತಿ ಸಾಯಲಿಲ್ಲ. ಅಲ್ಲಲ್ಲಿ ಕದ್ದುಮುಚ್ಚಿ ಆಟಗಳಾದವು. ಕ್ರಾಮ್‌ವೆಲ್‌ನ ಆಳ್ವಿಕೆ ಇನ್ನೂ ನಡೆಯುತ್ತಿದ್ದಾಗಲೇ, 1656ರಲ್ಲಿ, ವಿಲಿಯಂ ಡೇವನೆಂಟ್ ಎಂಬ ಕವಿ ಒಂದು ಉಪಾಯ ಹೂಡಿದ. ತಾನು ಆಡಿಸುತ್ತಿರುವುದು ನಾಟಕವಲ್ಲ, ಸಂಗೀತ ಎಂದ. 'ದಿ ಸೀಜ್ ಆಫ್ ರೋಡ್ಸ್' ಎಂಬ ಆ ಕೃತಿ ಇಂಗ್ಲಿಷಿನ ಮೊದಲ ಗೀತನಾಟಕ ಎನಿಸಿಕೊಂಡಿತು. ಅದರಲ್ಲಿ ಕೋಲ್ಮನ್ ಎಂಬ ಗಾಯಕನ ಹೆಂಡತಿ ಒಂದು ಪಾತ್ರವನ್ನು ಹಾಡಿದಳು. ಹಾಡಿದ್ದರಿಂದ ಆಕೆಯನ್ನು ಯಾರೂ 'ನಟಿ' ಎಂದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾನೂನಿನ ಕಣ್ಣು ತಪ್ಪಿಸಲು ಮಾಡಿದ ಉಪಾಯವೇ ಹೆಣ್ಣಿಗೆ ರಂಗದ ಹಿಂಬಾಗಿಲನ್ನು ತೆರೆದಿತ್ತು.

ಇಬ್ಬರಿಗೆ ಗುತ್ತಿಗೆ

1660ರ ಮೇ 29ರಂದು, ತನ್ನ ಮೂವತ್ತನೆಯ ಹುಟ್ಟುಹಬ್ಬದ ದಿನವೇ, ಎರಡನೇ ಚಾರ್ಲ್ಸ್ ಲಂಡನ್ನಿಗೆ ಮರಳಿದ. ಯೂರೋಪಿನಲ್ಲಿ ತಲೆಮರೆಸಿಕೊಂಡು ಅಲೆದಿದ್ದ ಈ ದೊರೆಗೆ ನಾಟಕದ ಹುಚ್ಚು. ಅಲ್ಲಿನ ರಂಗದ ಮೇಲೆ ಹೆಂಗಸರು ಅಭಿನಯಿಸುವುದು ಹೊಸದೇನಾಗಿರಲಿಲ್ಲ. ಪಟ್ಟಕ್ಕೆ ಬಂದ ಮೂರು ತಿಂಗಳೊಳಗೆ, ಆಗಸ್ಟ್ 21ರಂದು, ಆತ ಲಂಡನ್ನಿನಲ್ಲಿ ನಾಟಕವಾಡಿಸುವ ಹಕ್ಕನ್ನು ಇಬ್ಬರಿಗೆ ಮಾತ್ರ ಕೊಟ್ಟ. ಒಬ್ಬ, ದೇಶಭ್ರಷ್ಟನಾಗಿದ್ದಾಗ ಜೊತೆಗಿದ್ದ ಥಾಮಸ್ ಕಿಲಿಗ್ರೂ. ಇನ್ನೊಬ್ಬ, ಮೇಲೆ ಹೇಳಿದ ಡೇವನೆಂಟ್. ಕಿಲಿಗ್ರೂವಿನದು ದೊರೆಯ ಕಂಪನಿ, ಡೇವನೆಂಟನದು ದೊರೆಯ ತಮ್ಮ ಯಾರ್ಕಿನ ಡ್ಯೂಕನ ಕಂಪನಿ. ಉಳಿದವರು ಆಡುವಂತಿಲ್ಲ.

ಹೀಗೆ ಲಕ್ಷಾಂತರ ಜನರಿದ್ದ ನಗರಕ್ಕೆ ಎರಡೇ ನಾಟಕ ಕಂಪನಿಗಳು. ಹಕ್ಕುಪತ್ರ ಕೊಟ್ಟು ವ್ಯವಹಾರ ಮುಗಿಸುವುದು ಈ ದೊರೆಯ ರೀತಿಯೇ. ಪೋರ್ಚುಗೀಸ್ ರಾಜಕುಮಾರಿಯನ್ನು ಮದುವೆಯಾದಾಗ ವರದಕ್ಷಿಣೆಯಾಗಿ ಬಂದ ಮುಂಬಯಿಯನ್ನು 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದವನೂ ಇವನೇ.

ಷೇಕ್ಸ್‌ಪಿಯರ್, ಬೆನ್ ಜಾನ್ಸನ್ ಮೊದಲಾದವರ ಹಳೆಯ ನಾಟಕಗಳಲ್ಲಿ ಹೆಚ್ಚಿನ ಪಾಲು ಕಿಲಿಗ್ರೂವಿಗೆ ಹೋಯಿತು. ಕೈಗೆ ಕೆಲವೇ ನಾಟಕ ಸಿಕ್ಕ ಡೇವನೆಂಟ್ ಸುಮ್ಮನೆ ಕೂರಲಿಲ್ಲ. 1661ರ ಜೂನ್‌ನಲ್ಲಿ ಲಿಂಕನ್ಸ್ ಇನ್ ಫೀಲ್ಡ್ಸ್‌ನ ತನ್ನ ನಾಟಕಶಾಲೆಯಲ್ಲಿ ಸರಿದಾಡುವ ಚಿತ್ರಪಟಗಳನ್ನು ತಂದ. ನೆಲದ ಜಾಡಿನಲ್ಲಿ ಜಾರುವ ಬಣ್ಣದ ಹಲಗೆಗಳು ಎರಡು ಕಡೆಯಿಂದ ಬಂದು ಕೂಡಿದರೆ ಅರಮನೆ, ಬೇರ್ಪಟ್ಟರೆ ಹಿಂದೆ ಕಾಡು. ಅಲ್ಲಿಯವರೆಗೆ ಅರಮನೆಯೊಳಗಿನ ವಿನೋದಕ್ಕಷ್ಟೇ ಮೀಸಲಾಗಿದ್ದ ಈ ಬೆರಗು ಕಾಸು ಕೊಟ್ಟವರಿಗೆಲ್ಲ ಸಿಕ್ಕಿತು. ಕಿಲಿಗ್ರೂ ಕೂಡ ಹಿಂದೆ ಬೀಳಲಾರದೆ 1663ರಲ್ಲಿ ಥಿಯೇಟರ್ ರಾಯಲ್ ಕಟ್ಟಿಸಿದ. ಇವತ್ತಿನ ಡ್ರೂರಿ ಲೇನ್ ನಾಟಕಮಂದಿರ ನಿಂತಿರುವುದು ಅದೇ ನಿವೇಶನದಲ್ಲಿ.

ಗಡ್ಡ ಬೋಳಿಸದ ರಾಣಿ

ಹದಿನೆಂಟು ವರ್ಷ ರಂಗ ಮುಚ್ಚಿದ್ದರಿಂದ ಒಂದು ವಿಚಿತ್ರ ತೊಂದರೆ ಎದುರಾಗಿತ್ತು. ಹಳೆಯ ಪದ್ಧತಿಯಲ್ಲಿ ಹೆಣ್ಣಿನ ಪಾತ್ರಗಳನ್ನು ಎಳೆಯ ಹುಡುಗರು ಮಾಡುತ್ತಿದ್ದರು. ಹುಡುಗರನ್ನು ಪಳಗಿಸುವ ಗರಡಿಯೇ ಈಗ ಇಲ್ಲ. 1642ರಲ್ಲಿ ಹುಡುಗರಾಗಿದ್ದವರಿಗೆ ಈಗ ಗಡ್ಡ ಮೀಸೆ. ಇದ್ದವರಲ್ಲಿ ಎಲ್ಲರ ಕಣ್ಣು ಸೆಳೆದವನು ಎಡ್ವರ್ಡ್ ಕಿನಾಸ್ಟನ್ ಎಂಬ ತರುಣ. ಆ ಕಾಲದ ಪ್ರಸಿದ್ಧ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1660ರ ಆಗಸ್ಟ್‌ನಲ್ಲಿ ಇವನ ಹೆಣ್ಣುವೇಷ ನೋಡಿ, ದನಿಯೊಂದು ಬಿಟ್ಟರೆ ಇಷ್ಟು ಚೆಲುವೆಯನ್ನು ತಾನು ಕಂಡೇ ಇಲ್ಲ ಎಂಬರ್ಥದಲ್ಲಿ ಬರೆದಿಟ್ಟ.

ಕಿನಾಸ್ಟನ್ ಕುರಿತು ನಟ ಕಾಲಿ ಸಿಬ್ಬರ್ ಮುಂದೆ ತನ್ನ ಆತ್ಮಕಥೆಯಲ್ಲಿ ಹೇಳಿದ ಪ್ರಸಂಗವೊಂದಿದೆ. ದೊರೆ ನಾಟಕಕ್ಕೆ ಬಂದು ಕುಳಿತಿದ್ದಾನೆ, ಪರದೆ ಏಳುತ್ತಿಲ್ಲ. ಯಾಕೆ ತಡ ಎಂದು ದೊರೆ ಕೇಳಿ ಕಳಿಸಿದ. ಕಂಪನಿಯ ಯಜಮಾನ ಸುಳ್ಳು ಹೇಳುವುದಕ್ಕಿಂತ ನಿಜ ಹೇಳುವುದೇ ಮೇಲೆಂದು, 'ಮಹಾಸ್ವಾಮಿ, ರಾಣಿಯ ಕ್ಷೌರ ಇನ್ನೂ ಮುಗಿದಿಲ್ಲ' ಎಂದನಂತೆ. ದೊರೆ ನಕ್ಕು ಕಾದನಂತೆ.

1662ರ ಏಪ್ರಿಲ್‌ನಲ್ಲಿ ಕಿಲಿಗ್ರೂವಿಗೆ ಸಿಕ್ಕ ಅಧಿಕೃತ ಹಕ್ಕುಪತ್ರ ಈ ವಿಷಯವನ್ನು ಇತ್ಯರ್ಥ ಮಾಡಿತು. ಇನ್ನು ಮುಂದೆ ಹೆಣ್ಣಿನ ಪಾತ್ರಗಳನ್ನು ಹೆಂಗಸರೇ ಮಾಡಬಹುದೆಂದು ಅದರಲ್ಲಿ ಬರೆಯಲಾಯಿತು. ಗಂಡಸರು ಹೆಣ್ಣುಡುಗೆ ತೊಡುವುದರಿಂದ ಕೆಲವರ ಮನಸ್ಸಿಗೆ ನೋವಾಗಿದೆ, ಇನ್ನು ನಾಟಕಗಳು ಬರಿಯ ವಿನೋದವಾಗಿರದೆ ನೀತಿಬೋಧಕವೂ ಆಗಲಿ ಎಂಬುದು ಅಲ್ಲಿನ ಧಾಟಿ. ನೀತಿಯ ಹೆಸರಿನಲ್ಲಿ ರಂಗಕ್ಕೆ ಬಂದ ಈ ಹೆಂಗಸರನ್ನೇ ನಲವತ್ತು ವರ್ಷಗಳುದ್ದಕ್ಕೂ ಅನೀತಿಯ ಗುರುತೆಂದು ಹಳಿಯಲಾಯಿತು.

ಮೇಣದಬತ್ತಿಯ ಬೆಳಕಿನಲ್ಲಿ

ಆಗ ನಾಟಕ ನಡೆಯುತ್ತಿದ್ದುದು ರಾತ್ರಿಯಲ್ಲ, ಮಧ್ಯಾಹ್ನ ಮೂರು ಮೂರೂವರೆಗೆ. ರಂಗದ ಮೇಲೂ ಪ್ರೇಕ್ಷಕರ ಮೇಲೂ ಮೇಣದಬತ್ತಿಗಳು ಒಂದೇ ಸಮನೆ ಉರಿಯುತ್ತಿದ್ದವು. ಕತ್ತಲಲ್ಲಿ ಕುಳಿತು ಬೆಳಕಿನ ಕಡೆ ನೋಡುವ ಇಂದಿನ ಕ್ರಮ ಅಲ್ಲಿರಲಿಲ್ಲ. ಪ್ರೇಕ್ಷಕರು ನಟಿಯನ್ನು ನೋಡುವಷ್ಟೇ ಸಲೀಸಾಗಿ ಒಬ್ಬರನ್ನೊಬ್ಬರು ನೋಡುತ್ತಿದ್ದರು. ನಟರು ಚಿತ್ರಪಟಗಳಿಂದ ಮುಂದಕ್ಕೆ ಬಂದು, ಪ್ರೇಕ್ಷಕರ ನಡುವೆ ಚಾಚಿಕೊಂಡಿದ್ದ ಮುಂರಂಗದಲ್ಲಿ ನಿಂತು ಮಾತಾಡುತ್ತಿದ್ದರು.

ಬೆಲೆ ಸಾಮಾನ್ಯರಿಗೆ ಎಟುಕುವಂಥದ್ದಲ್ಲ. ಬಾಕ್ಸ್‌ಗೆ ನಾಲ್ಕು ಷಿಲಿಂಗ್, ಕೆಳಗಿನ ಬೆಂಚುಗಳಿಗೆ ಎರಡೂವರೆ, ನಡು ಗ್ಯಾಲರಿಗೆ ಒಂದೂವರೆ, ಮೇಲಿನ ಗ್ಯಾಲರಿಗೆ ಒಂದು. ಬೆಂಚುಗಳ ನಡುವೆ ಕಿತ್ತಳೆ ಮಾರುವ ಹುಡುಗಿಯರು ಓಡಾಡುತ್ತಿದ್ದರು. ಹಣ್ಣೊಂದಕ್ಕೆ ಆರು ಪೆನ್ನಿ. ಈ ಕಿತ್ತಳೆ ಬುಟ್ಟಿಯಿಂದಲೇ ರಂಗಕ್ಕೆ ಏರಿದವಳು ನೆಲ್ ಗ್ವಿನ್. ತನ್ನ ಹೆಸರಿನ ಮೊದಲಕ್ಷರಗಳನ್ನಷ್ಟೇ ಗೀಚಿ ಸಹಿ ಮಾಡುತ್ತಿದ್ದ ಈಕೆ ಪಾತ್ರದ ಮಾತುಗಳನ್ನು ಹೇಗೆ ಕಲಿತಳೋ! 1667ರಲ್ಲಿ ಡ್ರೈಡನ್ನನ ಹಾಸ್ಯ ನಾಟಕವೊಂದರಲ್ಲಿ ಈಕೆಯನ್ನು ನೋಡಿದ ಪೀಪ್ಸ್, ಇಂಥ ಅಭಿನಯ ಹಿಂದೆ ಆದದ್ದೇ ಇಲ್ಲ ಎಂಬಂತೆ ಹೊಗಳಿದ. ಕೆಲವೇ ವರ್ಷಗಳಲ್ಲಿ ಆಕೆ ದೊರೆಯ ಉಪಪತ್ನಿಯಾಗಿ ರಂಗ ಬಿಟ್ಟಳು.

ಬದಲಾದ ನಾಟಕ

ನಟಿ ಬಂದ ಮೇಲೆ ನಾಟಕ ಮೊದಲಿನಂತೆ ಉಳಿಯಲಿಲ್ಲ. ಕೆಲವು ಬದಲಾವಣೆ ಬರಿಯ ವ್ಯಾಪಾರ. ಆ ಕಾಲದ ಹೊಸ ನಾಟಕಗಳಲ್ಲಿ ಸುಮಾರು ಕಾಲು ಭಾಗದಲ್ಲಿ ನಾಯಕಿ ಏನಾದರೊಂದು ನೆಪದಿಂದ ಗಂಡಸಿನ ಷರಾಯಿ ತೊಡುತ್ತಾಳೆ. ಉದ್ದ ಲಂಗದ ಕಾಲದಲ್ಲಿ ಹೆಣ್ಣಿನ ಕಾಲುಗಳು ಕಾಣುವುದೇ ಗಲ್ಲಾಪೆಟ್ಟಿಗೆಗೆ ಬಂಡವಾಳ. 1667ರಲ್ಲಿ ಡೇವನೆಂಟ್ ಮತ್ತು ಡ್ರೈಡನ್ ಸೇರಿ ಷೇಕ್ಸ್‌ಪಿಯರನ 'ಟೆಂಪೆಸ್ಟ್' ನಾಟಕವನ್ನು ತಿದ್ದಿ ಬರೆದಾಗ ಮಿರಾಂಡಾಳಿಗೆ ಒಬ್ಬ ತಂಗಿಯನ್ನೂ ಸೃಷ್ಟಿಸಿದರು. ಕಂಪನಿಯಲ್ಲಿ ನಟಿಯರಿದ್ದಾರೆ, ಅವರಿಗೆ ಪಾತ್ರ ಬೇಕಲ್ಲ!

ಇನ್ನು ಕೆಲವು ಬದಲಾವಣೆಗಳು ಆಳವಾದವು. ಮಾತಿಗೆ ಮಾತು ಕೊಟ್ಟು ಗಂಡನ್ನು ಸೋಲಿಸುವ ನಾಯಕಿಯನ್ನು ಬರೆಯುವ ಉತ್ಸಾಹ ನಾಟಕಕಾರರಿಗೆ ಬಂದದ್ದು, ಆ ಮಾತನ್ನು ಹೊತ್ತು ನಿಲ್ಲಬಲ್ಲ ನಟಿಯರು ಎದುರಿಗಿದ್ದುದರಿಂದ. ಎಥರೆಜ್‌ನ 'ದಿ ಮ್ಯಾನ್ ಆಫ್ ಮೋಡ್' 1676ರದು. ಅದರ ಹ್ಯಾರಿಯೆಟ್, ಊರನ್ನೆಲ್ಲ ಗೆದ್ದ ರಸಿಕನೊಬ್ಬನನ್ನು ಸುಲಭಕ್ಕೆ ಒಲಿಯುವುದಿಲ್ಲ, ಪರೀಕ್ಷೆಗೆ ಒಡ್ಡುತ್ತಾಳೆ. ದುರಂತ ನಾಟಕದಲ್ಲೂ ಅಷ್ಟೆ. ಎಲಿಜಬೆತ್ ಬ್ಯಾರಿ ಎಂಬ ನಟಿಗಾಗಿ ಥಾಮಸ್ ಆಟ್ವೆ 'ದಿ ಆರ್ಫನ್' ಮತ್ತು 'ವೆನಿಸ್ ಪ್ರಿಸರ್ವ್ಡ್' ನಾಟಕಗಳಲ್ಲಿ ಕಣ್ಣೀರು ತರಿಸುವ ಪಾತ್ರಗಳನ್ನು ಬರೆದ. ಅಲ್ಲಿಂದ ಮುಂದೆ ದುರಂತ ನಾಟಕದ ನಡುಬಿಂದುವಿಗೆ ಹೆಣ್ಣೇ ಬಂದಳು.

ಲಂಡನ್ನಿನಲ್ಲಿ ಔರಂಗಜೇಬ

ಭಾರತೀಯ ಓದುಗರಿಗೆ ಸ್ವಾರಸ್ಯವೆನಿಸುವ ಸಂಗತಿಯೊಂದು ಇಲ್ಲಿದೆ. 1675ರ ನವೆಂಬರ್‌ನಲ್ಲಿ ಥಿಯೇಟರ್ ರಾಯಲ್‌ನಲ್ಲಿ ಡ್ರೈಡನ್ನನ ಹೊಸ ನಾಟಕ ರಂಗಕ್ಕೆ ಬಂತು. ಹೆಸರು 'ಔರಂಗಜೇಬ್'. ಆಗ ನಿಜವಾದ ಔರಂಗಜೇಬ ದೆಹಲಿಯ ಗದ್ದುಗೆಯ ಮೇಲಿದ್ದ. ಫ್ರೆಂಚ್ ಪ್ರವಾಸಿ ಬರ್ನಿಯೆಯ ಪುಸ್ತಕ ಕೆಲವು ವರ್ಷಗಳ ಹಿಂದಷ್ಟೇ ಇಂಗ್ಲಿಷಿಗೆ ಬಂದಿತ್ತು. ಡ್ರೈಡನ್ ಅದನ್ನು ಆಧಾರವಾಗಿಟ್ಟುಕೊಂಡ, ಆದರೆ ಚರಿತ್ರೆಯನ್ನು ತಲೆಕೆಳಗು ಮಾಡಿದ. ತಂದೆ ಷಹಜಹಾನನನ್ನು 1658ರಲ್ಲಿ ಆಗ್ರಾ ಕೋಟೆಯಲ್ಲಿ ಸೆರೆಯಿಟ್ಟವನು, ಲಂಡನ್ನಿನ ರಂಗದ ಮೇಲೆ ಪಿತೃಭಕ್ತ, ಸಹನಶೀಲ ಮಗನಾಗಿಬಿಟ್ಟ. ಹೀಗೆ ಅಲ್ಲಿ ಆದರ್ಶ ನಾಯಕನಾಗಿ ಮೆರೆದ ಹನ್ನೊಂದು ವರ್ಷಗಳ ನಂತರ, 1686ರಲ್ಲಿ, ನಿಜವಾದ ಔರಂಗಜೇಬ ನಮ್ಮ ವಿಜಾಪುರದ ಆದಿಲ್‌ಶಾಹಿಯನ್ನು ಮುಗಿಸಿದ.

ಈ ನಾಟಕದಲ್ಲಿ ನಾಯಕನ ತಮ್ಮ ಮುರಾದನ ಪಾತ್ರ ಮಾಡಿದವನು ಬೇರಾರೂ ಅಲ್ಲ, ಹಿಂದೆ ಹೆಣ್ಣುವೇಷಕ್ಕೆ ಹೆಸರಾಗಿದ್ದ ಕಿನಾಸ್ಟನ್. ಸಿಂಹದಂಥ ಗತ್ತಿನಿಂದ ಆ ಪಾತ್ರ ನಿರ್ವಹಿಸುತ್ತಿದ್ದನೆಂದು ಸಿಬ್ಬರ್ ನೆನೆಯುತ್ತಾನೆ. ಕೊನೆಗೆ ಮುರಾದನ ಹೆಂಡತಿ ಗಂಡನ ಚಿತೆಯೇರಲು ಹೊರಡುತ್ತಾಳೆ. ಮೊಗಲ್ ಅಂತಃಪುರಕ್ಕೂ ಸಹಗಮನಕ್ಕೂ ಸಂಬಂಧವಿಲ್ಲವೆಂಬುದು ಡ್ರೈಡನ್ನನಿಗೆ ಮುಖ್ಯವಾಗಿರಲಿಲ್ಲ. ಅಳಿಸಬಲ್ಲ ನಟಿಯಿದ್ದಳು, ಅಳಲು ಪ್ರೇಕ್ಷಕರಿದ್ದರು.

ತೆತ್ತ ಬೆಲೆ

ಎಲ್ಲ ನಟಿಯರ ಬದುಕೂ ಒಂದೇ ತೆರನಾಗಿರಲಿಲ್ಲ. ಡೇವನೆಂಟ್ ತನ್ನ ಮುಖ್ಯ ನಟಿಯರು ನಾಲ್ವರನ್ನು ಸ್ವಂತ ಮನೆಯಲ್ಲೇ ಇರಿಸಿಕೊಂಡು ಪಳಗಿಸಿದ. ಅವರಲ್ಲಿ ಮೇರಿ ಸಾಂಡರ್ಸನ್ ಸಹನಟ ಥಾಮಸ್ ಬೆಟರ್ಟನ್ನನನ್ನು ಮದುವೆಯಾಗಿ, ಲೇಡಿ ಮ್ಯಾಕ್‌ಬೆತ್‌ನಂಥ ಪಾತ್ರಗಳನ್ನು ಮಾಡುತ್ತಾ ದೀರ್ಘಕಾಲ ಗೌರವದಿಂದ ಬಾಳಿದಳು. ಅದೇ ಮನೆಯಲ್ಲಿ ಬೆಳೆದ ಹೆಸ್ಟರ್ ಡೇವನ್‌ಪೋರ್ಟ್‌ಳನ್ನು ಆಕ್ಸ್‌ಫರ್ಡಿನ ಅರ್ಲ್ ರಂಗದಿಂದ ಕರೆದೊಯ್ದ. ನಕಲಿ ಪಾದ್ರಿಯಿಂದ ಮದುವೆಯ ನಾಟಕವಾಡಿಸಿ ವಂಚಿಸಿದನೆಂದು ಆ ಕಾಲದ ನೆನಪಿನ ಬರಹವೊಂದು ಹೇಳುತ್ತದೆ. ರಂಗದ ಹಿಂದಿನ ಬಣ್ಣದ ಕೋಣೆಗೆ ಶ್ರೀಮಂತರು ನೇರವಾಗಿ ನುಗ್ಗುವುದು ರೂಢಿಯಾಗಿತ್ತು. ಕಾಸು ಕೊಟ್ಟು ನೋಡಿದ್ದು ತಮ್ಮದೇ ಸ್ವತ್ತು ಎಂಬ ಭಾವ.

ಈ ಭಾವ ಕೊಲೆಯವರೆಗೆ ಹೋದದ್ದೂ ಉಂಟು. ಆನ್ ಬ್ರೇಸ್‌ಗರ್ಡಲ್ ತೊಂಬತ್ತರ ದಶಕದ ಜನಪ್ರಿಯ ನಟಿ. ಯಾರಿಗೂ ಒಲಿಯದವಳೆಂದೇ ಹೆಸರು. 1692ರ ಡಿಸೆಂಬರ್ 9ರ ರಾತ್ರಿ ರಿಚರ್ಡ್ ಹಿಲ್ ಎಂಬ ಸೇನಾಧಿಕಾರಿ ಬಾಡಿಗೆ ಬಂಟರೊಂದಿಗೆ ಆಕೆಯನ್ನು ದಾರಿಯಲ್ಲೇ ಸಾರೋಟಿಗೆ ಎಳೆದೊಯ್ಯಲು ಯತ್ನಿಸಿದ. ಕೂಗಾಟಕ್ಕೆ ಜನ ಸೇರಿ ಆಕೆ ಪಾರಾದಳು. ಆಕೆಯ ಮನ ಗೆದ್ದವನು ಸಹನಟ ವಿಲಿಯಂ ಮೌಂಟ್‌ಫರ್ಟ್ ಎಂದು ಶಂಕಿಸಿದ್ದ ಹಿಲ್, ಅದೇ ರಾತ್ರಿ ಅವನನ್ನು ಬೀದಿಯಲ್ಲಿ ಇರಿದು ಪರಾರಿಯಾದ. ಮೌಂಟ್‌ಫರ್ಟ್ ಮರುದಿನ ಸತ್ತ. ಹಿಲ್‌ನ ಜೊತೆಗಿದ್ದ ಲಾರ್ಡ್ ಮೋಹನ್‌ನನ್ನು ಶ್ರೀಮಂತರ ಸಭೆಯೇ ವಿಚಾರಣೆ ಮಾಡಿ ಬಿಡುಗಡೆ ಮಾಡಿತು. ಬ್ರೇಸ್‌ಗರ್ಡಲ್ ಮತ್ತೆ ರಂಗಕ್ಕೆ ಮರಳಿ 1707ರವರೆಗೆ ಅಭಿನಯಿಸಿದಳು.

ಬರೆದು ಬದುಕಿದವಳು

ರಂಗಕ್ಕೆ ಹೆಣ್ಣು ಬಂದ ಹತ್ತು ವರ್ಷಕ್ಕೆ ಲೇಖನಿಯ ಕಡೆಯಿಂದಲೂ ಒಬ್ಬಳು ಬಂದಳು. ಆಕೆ ಆಫ್ರಾ ಬೆನ್. 1666ರಲ್ಲಿ ದೊರೆಯ ಸರ್ಕಾರ ಈಕೆಯನ್ನು ಗೂಢಚಾರಿಣಿಯಾಗಿ ಆಂಟ್ವರ್ಪ್ ಪಟ್ಟಣಕ್ಕೆ ಕಳಿಸಿ, ಖರ್ಚಿಗೆ ಸರಿಯಾಗಿ ಹಣ ಕೊಡದೆ ಸಾಲದಲ್ಲಿ ಮುಳುಗಿಸಿತ್ತು. ಮುಂದೆ ನಾಟಕವೇ ಆಕೆಯ ಜೀವನೋಪಾಯವಾಯಿತು. 1670ರಲ್ಲಿ ಡ್ಯೂಕನ ಕಂಪನಿ ಆಕೆಯ ಮೊದಲ ನಾಟಕವನ್ನಾಡಿತು. 1677ರ 'ದಿ ರೋವರ್' ಆಕೆಗೆ ದೊಡ್ಡ ಹೆಸರು ತಂದಿತು.

ಆಗಿನ ಸಂಭಾವನೆಯ ಕ್ರಮವನ್ನು ತಿಳಿದರೆ ಈ ಬದುಕಿನ ಕಷ್ಟ ಅರ್ಥವಾಗುತ್ತದೆ. ನಾಟಕದ ಮೂರನೆಯ ದಿನದ ಗಳಿಕೆ, ಖರ್ಚು ಕಳೆದು, ನಾಟಕಕಾರನದು. ಎರಡೇ ದಿನಕ್ಕೆ ನಾಟಕ ಬಿದ್ದುಹೋದರೆ ತಿಂಗಳುಗಟ್ಟಲೆ ದುಡಿಮೆಗೆ ಕವಡೆಯೂ ಇಲ್ಲ. 1682ರಲ್ಲಿ ಎರಡು ಕಂಪನಿಗಳು ಒಂದಾದಾಗ ಪರಿಸ್ಥಿತಿ ಇನ್ನೂ ಕೆಟ್ಟಿತು. ಕೊಳ್ಳುವವನು ಒಬ್ಬನೇ ಆದ ಮೇಲೆ ಹೊಸ ನಾಟಕ ಯಾರಿಗೆ ಬೇಕು? ಬೆನ್ ಕಥೆ, ಕವಿತೆ, ಅನುವಾದಗಳತ್ತ ಹೊರಳಿದಳು.

ಆಕೆಯ ನಾಟಕಗಳು ಅಶ್ಲೀಲವೆಂಬ ಕೂಗೆದ್ದಾಗ ಬೆನ್ ಮುನ್ನುಡಿಗಳಲ್ಲೇ ಉತ್ತರ ಕೊಟ್ಟಳು. ಇದನ್ನೇ ಗಂಡಸು ಬರೆದಿದ್ದರೆ ನೀವು ತುಟಿಪಿಟಕ್ಕೆನ್ನುತ್ತಿರಲಿಲ್ಲ ಎಂಬುದು ಆಕೆಯ ವಾದ. ವಿಚರ್ಲಿಯ 'ದಿ ಕಂಟ್ರಿ ವೈಫ್' ನಾಟಕದ ನಾಯಕ ಷಂಡನೆಂದು ಸುದ್ದಿ ಹಬ್ಬಿಸಿ ಊರ ಹೆಂಡಂದಿರ ಮನೆ ಹೊಕ್ಕುತ್ತಾನೆ. ಅಂಥ ನಾಟಕವನ್ನು ಚಪ್ಪಾಳೆ ತಟ್ಟಿ ಸ್ವೀಕರಿಸಿದ್ದ ಊರಿಗೆ ಕೇಳಿದ ಮಾತಿದು. 1690ರ ದಶಕದ ನಡುವಿನಲ್ಲಿ ಮೇರಿ ಪಿಕ್ಸ್, ಕ್ಯಾಥರಿನ್ ಟ್ರಾಟರ್, ಡೆಲರಿವಿಯರ್ ಮ್ಯಾನ್ಲಿ ಎಂಬ ಮೂವರು ನಾಟಕಕಾರ್ತಿಯರು ಬಂದಾಗ, ಅವರನ್ನು ಗೇಲಿ ಮಾಡಲೆಂದೇ 'ದಿ ಫೀಮೇಲ್ ವಿಟ್ಸ್' ಎಂಬ ನಾಟಕವನ್ನು ಆಡಲಾಯಿತು. ಗೇಲಿಯ ಹಿಂದೆ ಒಂದು ಒಪ್ಪಿಗೆಯೂ ಇತ್ತು. ಬರೆಯುವ ಹೆಣ್ಣು ಈಗ ಅಪರೂಪದ ಪ್ರಾಣಿಯಾಗಿರಲಿಲ್ಲ.

ಪಾದ್ರಿಯ ಕೋಪ, ನಾಯಕಿಯ ಷರತ್ತು

1695ರಲ್ಲಿ ಕಂಪನಿಯ ಮಾಲೀಕರ ಜಿಪುಣತನಕ್ಕೆ ರೋಸಿ ಬೆಟರ್ಟನ್ ಹೊರಬಂದು ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿ ಹೊಸ ಕಂಪನಿ ಕಟ್ಟಿದ. ಅದರಲ್ಲಿ ಬ್ಯಾರಿ ಮತ್ತು ಬ್ರೇಸ್‌ಗರ್ಡಲ್ ಬರಿಯ ಸಂಬಳದ ನಟಿಯರಲ್ಲ, ಲಾಭದ ಪಾಲುದಾರರು. ಹೆಸರೇ ಇಲ್ಲದ ಡೆಸ್ಡಿಮೋನಾಳಿಂದ ಇಲ್ಲಿಗೆ ಮೂವತ್ತೈದು ವರ್ಷ.

ಅಷ್ಟರಲ್ಲಿ ಗಾಳಿ ತಿರುಗಿತ್ತು. ರಸಿಕ ದೊರೆ 1685ರಲ್ಲೇ ತೀರಿಕೊಂಡಿದ್ದ. ಊರಿನಲ್ಲಿ ನೀತಿ ಸುಧಾರಣೆಯ ಸಂಘಗಳು ಹುಟ್ಟಿದ್ದವು. 1698ರಲ್ಲಿ ಜೆರೆಮಿ ಕಾಲಿಯರ್ ಎಂಬ ಪಾದ್ರಿ, ಇಂಗ್ಲಿಷ್ ರಂಗಭೂಮಿಯ ಅನೀತಿ ಮತ್ತು ದೈವನಿಂದೆಯ ಮೇಲೆ ಒಂದು ಪುಸ್ತಕವನ್ನೇ ಬರೆದ. ನಟನಟಿಯರ ಮೇಲೆ ಮೊಕದ್ದಮೆಗಳೂ ಬಿದ್ದವು. ಕಾಂಗ್ರೀವ್, ವ್ಯಾನ್‌ಬ್ರೂ ಉತ್ತರ ಬರೆದರೂ ಜನಾಭಿಪ್ರಾಯ ಪಾದ್ರಿಯ ಕಡೆಗೇ ವಾಲಿತು.

ಈ ಬಿರುಗಾಳಿಯ ನಡುವೆ, 1700ರ ಮಾರ್ಚ್‌ನಲ್ಲಿ, ಕಾಂಗ್ರೀವ್‌ನ 'ದಿ ವೇ ಆಫ್ ದಿ ವರ್ಲ್ಡ್' ರಂಗಕ್ಕೆ ಬಂತು. ನಾಯಕಿ ಮಿಲಮಂಟ್ ಆಗಿ ಬ್ರೇಸ್‌ಗರ್ಡಲ್. ಮದುವೆಗೆ ಒಪ್ಪುವ ಮುನ್ನ ಈ ನಾಯಕಿ ಷರತ್ತುಗಳ ಪಟ್ಟಿ ಹಾಕುತ್ತಾಳೆ. ತನಗೆ ಬೇಕಾದವರನ್ನು ನೋಡುವುದು, ಬೇಕಾದವರಿಗೆ ಪತ್ರ ಬರೆಯುವುದು, ಬೇಕೆನಿಸಿದಾಗ ಒಬ್ಬಳೇ ಕುಳಿತು ಉಣ್ಣುವುದು, ತನ್ನ ಕೋಣೆಗೆ ಬರುವ ಮುನ್ನ ಗಂಡನೂ ಬಾಗಿಲು ತಟ್ಟುವುದು. ಮದುವೆಯಾದೊಡನೆ ಹೆಂಡತಿಯ ಒಡವೆ ಹಣವೆಲ್ಲ ಗಂಡನ ಸ್ವತ್ತಾಗುತ್ತಿದ್ದ ಕಾನೂನಿನ ಕಾಲ ಅದು. ಏಳು ವರ್ಷಗಳ ಹಿಂದೆ ನಡುಬೀದಿಯಲ್ಲಿ ಎಳೆದಾಡಿಸಿಕೊಂಡ ನಟಿಯೇ ನಿಂತು ಈ ಮಾತುಗಳನ್ನು ಹೇಳಿದಾಗ, ಎದುರಿಗೆ ಕುಳಿತವರಲ್ಲಿ ಆ ರಾತ್ರಿಯ ಕಥೆ ಗೊತ್ತಿದ್ದವರು ಅನೇಕರಿದ್ದಿರಬೇಕು.

ನಾಟಕಕ್ಕೆ ಸಿಕ್ಕ ಸ್ವಾಗತ ಅಷ್ಟಕ್ಕಷ್ಟೆ. ಕಾಂಗ್ರೀವ್ ಮತ್ತೆ ಹಾಸ್ಯ ನಾಟಕ ಬರೆಯಲಿಲ್ಲ. 1737ರಲ್ಲಿ ಸರ್ಕಾರ ಕಾನೂನು ತಂದು, ಆಡುವ ಮುನ್ನ ಪ್ರತಿ ಹೊಸ ನಾಟಕಕ್ಕೂ ಅರಮನೆಯ ಅಧಿಕಾರಿಯ ಅನುಮತಿ ಬೇಕೆಂದಿತು. ಆ ಬಿಗಿ ಪೂರ್ತಿ ಸಡಿಲಗೊಂಡದ್ದು 1968ರಲ್ಲಿ. ದೊರೆ ಕೊಟ್ಟಿದ್ದ ಎರಡು ಕಂಪನಿಗಳ ಏಕಸ್ವಾಮ್ಯ 1843ರವರೆಗೂ ಬಾಳಿತು. ರಂಗದ ಮೇಲಿನ ಮಾತು ಹೀಗೆ ಹಿಂದಕ್ಕೆ ಸರಿದರೂ ರಂಗದ ಮೇಲಿನ ಹೆಣ್ಣು ಹಿಂದಕ್ಕೆ ಸರಿಯಲಿಲ್ಲ. ಕೊಟ್ಟದ್ದನ್ನೆಲ್ಲ ವಾಪಸು ಪಡೆಯಬಲ್ಲ ಅರಮನೆ, ಇದೊಂದನ್ನು ಪಡೆಯಲಾಗಲಿಲ್ಲ. ನಟಿಯಿಲ್ಲದ ನಾಟಕವನ್ನು ನೋಡಲು ಲಂಡನ್ನಿನಲ್ಲಿ ಜನ ಉಳಿದಿರಲಿಲ್ಲ.

1689ರಲ್ಲಿ ತೀರಿಕೊಂಡ ಆಫ್ರಾ ಬೆನ್‌ಳನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪೂರ್ವದ ಕೈಸಾಲೆಯಲ್ಲಿ ಹೂಳಿದರು. ಕವಿಗಳ ಮೂಲೆಯೆಂದು ಹೆಸರಾದ ಒಳಭಾಗದಲ್ಲಲ್ಲ, ಹೊರಗೆ. 1748ರಲ್ಲಿ ಬ್ರೇಸ್‌ಗರ್ಡಲ್ ಕೂಡ ಅದೇ ಕೈಸಾಲೆಗೆ ಬಂದಳು. ಹೆಣ್ಣಿಗೆ ಮನಸ್ಸಿನ ಮಾತನ್ನಾಡುವ ಹಕ್ಕು ತಂದುಕೊಟ್ಟವಳು ಬೆನ್ ಎಂದು ವರ್ಜೀನಿಯಾ ವುಲ್ಫ್ 1929ರಲ್ಲಿ ಬರೆದ ಮೇಲೆ ಆ ಕಲ್ಲನ್ನು ಹುಡುಕಿಕೊಂಡು ಬರುವವರು ಹೆಚ್ಚಿದರು. ವಿಯರ್ ಬೀದಿಯ ಡೆಸ್ಡಿಮೋನಾಳಿಗೆ ಅಂಥ ಕಲ್ಲಿಲ್ಲ. ಆದರೆ ಆ ಮಧ್ಯಾಹ್ನ ಆಕೆ ಮಾತು ಮರೆತು ನಿಂತಿದ್ದರೆ, ಪ್ರೇಕ್ಷಕರ ನಗೆಗೆ ಹೆದರಿ ಒಳಕ್ಕೆ ಓಡಿದ್ದರೆ, ಮರುದಿನ ಇನ್ನೊಬ್ಬಳನ್ನು ನಿಲ್ಲಿಸಲು ಕಂಪನಿಗೆ ಧೈರ್ಯ ಬರುತ್ತಿತ್ತೇ? ಆಕೆ ಓಡಲಿಲ್ಲ. ಕೆಲವೇ ವಾರಗಳ ನಂತರ, 1661ರ ಜನವರಿ 3ರಂದು, ಇನ್ನೊಂದು ನಾಟಕ ನೋಡಿ ಮನೆಗೆ ಬಂದ ಪೀಪ್ಸ್, ರಂಗದ ಮೇಲೆ ಹೆಂಗಸರನ್ನು ಮೊದಲ ಬಾರಿ ಕಂಡೆನೆಂದು ದಿನಚರಿಯಲ್ಲಿ ಬರೆದುಕೊಂಡ. ಅವನೂ ಹೆಸರು ಬರೆಯಲಿಲ್ಲ.